ಹೊಂದಿಸಿಕೊಳ್ಳಬಹುದಾದ ಸಸ್ಪೆನ್ಷನ್ ಇರುವ ರೋಲರ್ ಸ್ಕೇಟ್: ಲೆಕ್ಕದಿಂದ ಮೊದಲ ಓಟದವರೆಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಅವರ ಜೊತೆಗೆ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಿರುವ ಕೆಲವು ಪೋಷಕರು, ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇದ್ದಾರೆ: ನಮ್ಮ ಓಣಿಗಳ ಗೀರುಗೀರಾದ ಸಿಮೆಂಟ್ ರಸ್ತೆಯ ಮೇಲೆ ಸ್ಕೇಟ್ ಓಡಿಸಿದರೆ ಪಾದದಿಂದ ಮೊಣಕಾಲಿನವರೆಗೆ ಜುಮ್ಮೆನ್ನುತ್ತದೆ, ಬೈಕಿಗೆ ಇರುವಂತೆ ಸ್ಕೇಟಿಗೂ ಸಸ್ಪೆನ್ಷನ್ ಕೂಡಿಸಿ ಅದನ್ನು ತೂಕಕ್ಕೆ ತಕ್ಕಂತೆ ಹೊಂದಿಸಿಕೊಳ್ಳಲು ಬರುತ್ತದೆಯೇ? ಬರುತ್ತದೆ. ಊರಿನ ಒಂದು ಲೇಥ್ ಅಂಗಡಿ, ಒಂದು ಡ್ರಿಲ್ಲಿಂಗ್ ಮಷೀನ್ ಮತ್ತು ತಾಳ್ಮೆಯಿಂದ ಲೆಕ್ಕ ಹಾಕುವ ಒಬ್ಬ ವ್ಯಕ್ತಿ ಇದ್ದರೆ ಸಾಕು. ಆದರೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳದಿದ್ದರೆ ದುಡ್ಡು, ಶ್ರಮ ಎರಡೂ ವ್ಯರ್ಥವಾಗುತ್ತವೆ.

ಈ ಲೇಖನವು ನಾಲ್ಕು ಚಕ್ರದ ಕ್ವಾಡ್ ಸ್ಕೇಟಿಗೆ, ಅಂದರೆ ಮುಂದೆ ಎರಡು, ಹಿಂದೆ ಎರಡು ಚಕ್ರಗಳು ಜೋಡಿಯಾಗಿರುವ ಸ್ಕೇಟಿಗೆ ಸಂಬಂಧಿಸಿದೆ. ಒಂದೇ ಸಾಲಿನಲ್ಲಿ ಚಕ್ರಗಳಿರುವ ಇನ್‌ಲೈನ್ ಸ್ಕೇಟಿನ ವಿನ್ಯಾಸ ಬೇರೆಯೇ ಆದ್ದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.

ಸಸ್ಪೆನ್ಷನ್‌ನಿಂದ ಏನನ್ನು ನಿರೀಕ್ಷಿಸಬೇಕು

ಸ್ಕೇಟಿನ ಕೆಳಗೆ ನಮಗೆ ಸಿಗುವ ಜಾಗ ಬಹಳ ಕಡಿಮೆ. ಚಕ್ರ ಮೇಲಕ್ಕೆ ಕೆಳಕ್ಕೆ ಚಲಿಸಬಹುದಾದ ಒಟ್ಟು ದೂರವನ್ನು, ಇಂಗ್ಲಿಷಿನಲ್ಲಿ ಟ್ರಾವೆಲ್ ಎನ್ನುವುದನ್ನು, ಇಲ್ಲಿ ಓಡಾಟ ಎಂದು ಕರೆಯೋಣ. ನನ್ನ ಸಲಹೆ 8 ಮಿ.ಮೀ. ಓಡಾಟ. ಸವಾರ ಸುಮ್ಮನೆ ನಿಂತಾಗ ಅದರಲ್ಲಿ ಸುಮಾರು 2.5 ಮಿ.ಮೀ. ತಗ್ಗಬೇಕು, ಇದನ್ನು ನಿಂತ ಕುಸಿತ ಎನ್ನೋಣ. ಕುಸಿತವೇ ಇಲ್ಲದಿದ್ದರೆ ಚಕ್ರವು ತಗ್ಗಿಗೆ ಇಳಿಯಲಾರದೆ ಗಾಳಿಯಲ್ಲಿ ಉಳಿಯುತ್ತದೆ. ಕುಸಿತ ಹೆಚ್ಚಾದರೆ ಉಬ್ಬನ್ನು ನುಂಗಲು ಓಡಾಟ ಉಳಿಯುವುದಿಲ್ಲ.

2.5 ಮಿ.ಮೀ. ಕುಸಿಯುವ ವ್ಯವಸ್ಥೆಯು ತನ್ನಷ್ಟಕ್ಕೆ ಬಿಟ್ಟರೆ ಸೆಕೆಂಡಿಗೆ ಸುಮಾರು 10 ಸಲ ಅಲುಗಾಡುತ್ತದೆ. ಇದು ಭೌತಶಾಸ್ತ್ರದ ಸರಳ ಲೆಕ್ಕ: ಗುರುತ್ವದ ವೇಗೋತ್ಕರ್ಷ 9.81ನ್ನು ಮೀಟರಿನಲ್ಲಿ ಹೇಳಿದ ಕುಸಿತದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಬೇಕು. ಈ ಸಹಜ ಸಂಖ್ಯೆಗಿಂತ ಬಹಳ ವೇಗವಾಗಿ ಬರುವ ಕುಲುಕನ್ನು ಮಾತ್ರ ಸಸ್ಪೆನ್ಷನ್ ತಡೆಯುತ್ತದೆ. ಗಂಟೆಗೆ ಸುಮಾರು 14 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 4 ಮೀಟರ್. ಸಿಮೆಂಟ್ ರಸ್ತೆಯ ಗೀರುಗಳು 5 ಸೆಂ.ಮೀ.ಗೆ ಒಂದರಂತೆ ಇದ್ದರೆ ಸೆಕೆಂಡಿಗೆ 80 ಕುಲುಕುಗಳು ಬರುತ್ತವೆ. ಅವುಗಳಲ್ಲಿ ಬಹುಪಾಲು ಪಾದಕ್ಕೆ ತಲುಪುವುದಿಲ್ಲ. ಆದರೆ ನಾಲ್ಕು ಮೀಟರಿಗೊಮ್ಮೆ ಬರುವ ಕಾಂಕ್ರೀಟ್ ಚಪ್ಪಡಿಗಳ ಸಂದು ಸೆಕೆಂಡಿಗೆ ಒಂದೇ ಸಲ ಬರುವ ಏರಿಳಿತ. ಅದನ್ನು ನಿಮ್ಮ ಮೊಣಕಾಲೇ ನುಂಗಬೇಕು. ಮೂರು ಸೆಂ.ಮೀ. ಆಳದ ಗುಂಡಿಗೆ 8 ಮಿ.ಮೀ. ಓಡಾಟ ಯಾವ ಉತ್ತರವೂ ಅಲ್ಲ. ಗುಂಡಿ ದಾಟಿಸುವ ಸ್ಕೇಟ್ ಬೇಕೆನ್ನುವವರು ಸಸ್ಪೆನ್ಷನ್ ಬಿಟ್ಟು ದೊಡ್ಡ ಚಕ್ರದ ಕಡೆ ನೋಡುವುದು ಮೇಲು.

ಇನ್ನೊಂದು ಮಾತು. ಈಗಿರುವ ಸ್ಕೇಟಿಗೆ ಗಡಸು ಚಕ್ರಗಳಿದ್ದರೆ ಮೊದಲು ಮೆತ್ತನೆಯ ಚಕ್ರಗಳನ್ನು ಹಾಕಿ ನೋಡಿ. ಚಕ್ರದ ಗಡಸುತನವನ್ನು ಶೋರ್ ಎ ಎಂಬ ಮಾಪನದಲ್ಲಿ ಹೇಳುತ್ತಾರೆ; 95ಎಗಿಂತ ಮೇಲಿನವು ಒಳಾಂಗಣದ ನುಣುಪು ನೆಲಕ್ಕೆ, 78ಎ ಆಸುಪಾಸಿನವು ಬೀದಿಗೆ. ಕೇಳುವವರಲ್ಲಿ ಹಲವರಿಗೆ ಇಷ್ಟರಿಂದಲೇ ತೃಪ್ತಿಯಾಗಬಹುದು. ಆಗದವರು ಮುಂದೆ ಓದಿ.

ಬೇಕಾಗುವ ಸಾಮಗ್ರಿ

ಟ್ರಕ್ ಬಿಚ್ಚಲು ಬರುವ ಒಂದು ಜೊತೆ ಕ್ವಾಡ್ ಸ್ಕೇಟ್. ಟ್ರಕ್ ಎಂದರೆ ಎರಡು ಚಕ್ರಗಳ ಅಚ್ಚನ್ನು ಹಿಡಿದು, ರಬ್ಬರ್ ಕುಶನ್ ಮೇಲೆ ವಾಲುತ್ತಾ ಸ್ಕೇಟನ್ನು ತಿರುಗಿಸುವ ಭಾಗ. 62 ಮಿ.ಮೀ. ವ್ಯಾಸದ ಬೀದಿ ಚಕ್ರಗಳು ಮತ್ತು ಅವುಗಳಿಗೆ 608 ಬೇರಿಂಗ್ 16. ಇದರ ಒಳ ವ್ಯಾಸ 8, ಹೊರ ವ್ಯಾಸ 22, ದಪ್ಪ 7 ಮಿ.ಮೀ. ನಮ್ಮ ಕಡೆ ಧೂಳು ಜಾಸ್ತಿಯಾದ್ದರಿಂದ ಲೋಹದ ಮುಚ್ಚಳದ ಝಡ್‌ಝಡ್ ಬದಲು ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ ತೆಗೆದುಕೊಳ್ಳಿ. ಬೂಟಿನ ತಳಕ್ಕೆ ಕೂಡುವ ಮೂಲ ಪ್ಲೇಟಿಗೆ 10 ಮಿ.ಮೀ. ದಪ್ಪದ, ಟ್ರಕ್ಕನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳುಗಳಿಗೆ 8 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ, ಸಾಧ್ಯವಾದರೆ 6061-ಟಿ6 ದರ್ಜೆಯದು. ತೋಳಿನ ಕೀಲಿಗೆ 10 ಮಿ.ಮೀ. ಇಎನ್8 ದರ್ಜೆಯ ಉಕ್ಕಿನ ಪಿನ್ ಮತ್ತು ಗನ್‌ಮೆಟಲ್ ಬುಷ್. ಎಂಟು ಮಿ.ಮೀ. ಬೋಲ್ಟ್, ಅಂದರೆ ಎಂ8, 8.8 ದರ್ಜೆಯವು ನಾಲ್ಕು, ಅವುಗಳಿಗೆ ನೈಲಾಕ್ ನಟ್, ಅಂದರೆ ಕುಲುಕಿಗೆ ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವ ನಟ್. ಕೊನೆಯದಾಗಿ 80ಎ ಗಡಸುತನದ, 30 ಮಿ.ಮೀ. ವ್ಯಾಸದ ಪಾಲಿಯುರೆಥೇನ್ ಸರಳು. ಇದನ್ನು ಅಂಗಡಿಯಲ್ಲಿ ಪಿಯು ರಾಡ್ ಎನ್ನುತ್ತಾರೆ. ಅಳತೆಗೆ ವರ್ನಿಯರ್ ಕ್ಯಾಲಿಪರ್ ಮತ್ತು 150 ಕೆ.ಜಿ.ವರೆಗೆ ತೂಗುವ ಮನೆಯ ತೂಕದ ಯಂತ್ರ.

ಸಿಂಧನೂರು, ಗಂಗಾವತಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಸವೆದ ರಬ್ಬರ್ ರೋಲುಗಳು ಸುಲಭವಾಗಿ ಸಿಗುತ್ತವೆ; ಅವುಗಳನ್ನೋ ಹಳೆಯ ಟೈರನ್ನೋ ಕತ್ತರಿಸಿ ಹಾಕಬಹುದಲ್ಲವೇ ಎಂದು ಕೇಳುವವರಿದ್ದಾರೆ. ಬೇಡ. ಅವುಗಳ ಗಡಸುತನ ಎಷ್ಟೆಂದು ಗೊತ್ತಿರುವುದಿಲ್ಲ, ಬಳಸಿ ಬಿಸಿಯುಂಡ ರಬ್ಬರು ಎರಡು ತುಂಡುಗಳಲ್ಲಿ ಎರಡು ರೀತಿ ವರ್ತಿಸುತ್ತದೆ, ಟೈರಿನೊಳಗಿನ ದಾರ ಅಥವಾ ತಂತಿ ಬೇರೆ ತೊಡಕು. ಎಡಗಾಲು ಮತ್ತು ಬಲಗಾಲಿನ ಸ್ಕೇಟುಗಳು ಬೇರೆ ಬೇರೆ ಬಿಗುವಿನಲ್ಲಿದ್ದರೆ ಬೀಳುವುದು ಖಚಿತ.

ಹಂತ 1: ಭಾರದ ಲೆಕ್ಕ

ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ. ಸವಾರನ ತೂಕವನ್ನು ಎರಡು ಕಾಲು, ನಾಲ್ಕು ಅಚ್ಚು ಎಂದು ನಾಲ್ಕರಿಂದ ಭಾಗಿಸುತ್ತಾರೆ. ಆದರೆ ಸ್ಕೇಟಿಂಗ್ ಎಂದರೆ ಒಂದು ಕಾಲಿನಿಂದ ಒದ್ದು ಇನ್ನೊಂದು ಕಾಲಿನ ಮೇಲೆ ಜಾರುವುದು. ಆದ್ದರಿಂದ ಪ್ರತಿಯೊಂದು ಸ್ಕೇಟೂ ಇಡೀ ತೂಕವನ್ನು ಹೊರಬೇಕು. 60 ಕೆ.ಜಿ. ಸವಾರನಿಗೆ ಪ್ರತಿ ಅಚ್ಚಿನ ಮೇಲೆ 15 ಅಲ್ಲ, 30 ಕೆ.ಜಿ. ಭಾರ ಹಿಡಿಯಿರಿ.

30 ಕೆ.ಜಿ.ಗೆ 2.5 ಮಿ.ಮೀ. ಕುಸಿಯಬೇಕಾದರೆ ಚಕ್ರದ ಬಳಿ ಬಿಗುವು ಪ್ರತಿ ಮಿ.ಮೀ.ಗೆ 12 ಕೆ.ಜಿ. ಇರಬೇಕು. ಬಿಗುವು ಎಂದರೆ ಒಂದು ಮಿ.ಮೀ. ಒತ್ತಲು ಬೇಕಾಗುವ ಭಾರ. ಪೂರ್ತಿ 8 ಮಿ.ಮೀ. ಮುಗಿಯುವಾಗ ಅಚ್ಚಿನ ಮೇಲೆ 96 ಕೆ.ಜಿ. ಬಿದ್ದಿರುತ್ತದೆ, ಅಂದರೆ ನಿಂತ ಭಾರದ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಬೀದಿಯ ಓಟಕ್ಕೆ ಇಷ್ಟು ಸಾಕು. ಮೆಟ್ಟಿಲಿನಿಂದ ಹಾರುವವರಿಗೆ ಈ ವಿನ್ಯಾಸ ಅಲ್ಲ.

ಹಂತ 2: ತೋಳಿನ ಜೋಡಣೆ

ಚಕ್ರವನ್ನು ನೇರವಾಗಿ ಮೇಲೆ ಕೆಳಗೆ ಜಾರಿಸುವ ಕೊಳವೆ ಮಾಡುವ ಆಸೆ ಎಲ್ಲರಿಗೂ ಮೊದಲು ಹುಟ್ಟುತ್ತದೆ, ಏಕೆಂದರೆ ಬೈಕಿನ ಮುಂದಿನ ಫೋರ್ಕ್ ಹಾಗೆಯೇ ಇದೆ. ಅಷ್ಟು ಗಿಡ್ಡ ಕೊಳವೆ ಓರೆ ಭಾರ ಬಿದ್ದೊಡನೆ ಸಿಕ್ಕಿಹಾಕಿಕೊಳ್ಳುತ್ತದೆ. ಸಂಡೂರು ಕಡೆಯ ಕೆಂಪು ಅದಿರಿನ ಧೂಳು ಸೇರಿದರೆ ಅದೇ ಅರೆಯುವ ಪುಡಿಯಾಗಿ ಜಾರುವ ಮೈಯನ್ನು ತಿಂದುಹಾಕುತ್ತದೆ. ರಾಯಚೂರು, ಕೊಪ್ಪಳದ ಎರೆ ಮಣ್ಣು ಮಳೆಗಾಲದಲ್ಲಿ ಒಳಗೆ ಹೊಕ್ಕು ಒಣಗಿದರೆ ಕೊಳವೆ ಅಲುಗುವುದೇ ಇಲ್ಲ. ಒಂದು ಪಿನ್ನಿನ ಮೇಲೆ ತಿರುಗುವ ತೋಳು ಇವೆರಡನ್ನೂ ಸಹಿಸುತ್ತದೆ.

ಆದ್ದರಿಂದ ಪ್ರತಿ ಟ್ರಕ್ಕಿಗೆ 50 ಮಿ.ಮೀ. ಅಗಲದ ಒಂದು ತೋಳು ಮಾಡಿ. ತೋಳಿನ ಒಂದು ತುದಿ ಮೂಲ ಪ್ಲೇಟಿನಿಂದ ಕೆಳಗಿಳಿದ ಎರಡು ಕಿವಿಗಳ ನಡುವೆ ಪಿನ್ನಿನ ಮೇಲೆ ತಿರುಗುತ್ತದೆ, ಇನ್ನೊಂದು ತುದಿಯ ಕೆಳಗೆ ಟ್ರಕ್ ಕೂಡುತ್ತದೆ. ಪಿನ್ನಿನ ನಡುವಿನಿಂದ ಚಕ್ರದ ಅಚ್ಚಿಗೆ ಅಡ್ಡಲಾಗಿ 60 ಮಿ.ಮೀ. ದೂರವಿರಲಿ. ಇಲ್ಲಿ ಎರಡು ಎಚ್ಚರಿಕೆಗಳು.

ಮೊದಲನೆಯದು, ಮುಂದಿನ ಮತ್ತು ಹಿಂದಿನ ಎರಡೂ ತೋಳುಗಳಲ್ಲಿ ಪಿನ್ ಮುಂದೆ ಇರಬೇಕು, ಚಕ್ರ ಅದರ ಹಿಂದೆ ಎಳೆದುಕೊಂಡು ಬರಬೇಕು. ನೋಡಲು ಚೆಂದವೆಂದು ಎರಡೂ ಪಿನ್ನುಗಳನ್ನು ಪಾದದ ನಡುವಿಗೆ ಇಟ್ಟು, ಮುಂದಿನ ತೋಳನ್ನು ಮುಂದಕ್ಕೆ ಚಾಚುವವರಿದ್ದಾರೆ. ಉಬ್ಬಿಗೆ ತಾಗಿದ ಚಕ್ರವನ್ನು ರಸ್ತೆ ಹಿಂದಕ್ಕೂ ಮೇಲಕ್ಕೂ ತಳ್ಳುತ್ತದೆ. ಪಿನ್ ಅಚ್ಚಿಗಿಂತ ಮೇಲೆ ಮತ್ತು ಮುಂದೆ ಇದ್ದರೆ ಆ ಹಿಂದಿನ ತಳ್ಳುವಿಕೆಯೂ ಚಕ್ರವನ್ನು ಮೇಲೆತ್ತಲು ನೆರವಾಗುತ್ತದೆ. ಮುಂದಕ್ಕೆ ಚಾಚಿದ ತೋಳಿನಲ್ಲಿ ಅದೇ ತಳ್ಳುವಿಕೆ ಚಕ್ರವನ್ನು ಕೆಳಗೆ ಅದುಮುತ್ತದೆ, ಸ್ಕೇಟ್ ಮುಗ್ಗರಿಸುತ್ತದೆ. ಮುಂದಿನ ಅಚ್ಚು ಹೆಬ್ಬೆರಳ ಬುಡದ ಕೆಳಗೆ ಬಂದರೆ ಪಿನ್ನು ಬೆರಳ ತುದಿಯ ಕೆಳಗೆ ಬರುತ್ತದೆ, ಜಾಗ ಸಾಲುತ್ತದೆ. ಮುಂದಿನ ರಬ್ಬರ್ ಬ್ರೇಕ್ ಅನ್ನು, ಅಂದರೆ ಟೋ ಸ್ಟಾಪ್ ಅನ್ನು, ತೋಳಿಗೆ ಅಲ್ಲ, ಮೂಲ ಪ್ಲೇಟಿಗೇ ಹಾಕಬೇಕು.

ಎರಡನೆಯದು ತಿರುಗುವ ಗುಣಕ್ಕೆ ಸಂಬಂಧಿಸಿದ್ದು. ಕ್ವಾಡ್ ಸ್ಕೇಟು ವಾಲಿದ ಕಡೆಗೆ ತಿರುಗುವುದು ಟ್ರಕ್ಕಿನ ಕೀಲು ಓರೆಯಾಗಿ ಕೂತಿರುವುದರಿಂದ. ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ 1863ರಲ್ಲಿ ಪೇಟೆಂಟ್ ಪಡೆದ ಈ ತತ್ವವೇ ಇಂದಿಗೂ ನಡೆಯುತ್ತಿದೆ. ಆ ರಬ್ಬರ್ ಕುಶನ್ ತಿರುಗಿಸುವುದಕ್ಕೆ ಇರುವುದು, ಕುಲುಕು ನುಂಗುವುದಕ್ಕಲ್ಲ. ಅದನ್ನು ಸಡಿಲಿಸಿ ಸಸ್ಪೆನ್ಷನ್ ಆಯಿತೆಂದು ತಿಳಿಯಬಾರದು. ತೋಳು ಮೇಲೆ ಕೆಳಗೆ ಆಡಿದಾಗ ಟ್ರಕ್ಕಿನ ಓರೆಯೂ ಬದಲಾಗುತ್ತದೆ. 60 ಮಿ.ಮೀ. ತೋಳಿಗೆ 8 ಮಿ.ಮೀ. ಓಡಾಟದಲ್ಲಿ ಈ ಬದಲಾವಣೆ ಸುಮಾರು 7.6 ಡಿಗ್ರಿ, ತೋಳನ್ನು 40 ಮಿ.ಮೀ.ಗೆ ಗಿಡ್ಡ ಮಾಡಿದರೆ 11 ಡಿಗ್ರಿ ದಾಟುತ್ತದೆ. ಮುಂದಿನ ಮತ್ತು ಹಿಂದಿನ ಟ್ರಕ್ಕುಗಳು ಎದುರುಬದುರು ಮುಖ ಮಾಡಿರುವುದರಿಂದ ಒಂದರ ಓರೆ ಹೆಚ್ಚಿದಾಗ ಇನ್ನೊಂದರದು ಕಡಿಮೆಯಾಗುತ್ತದೆ, ಸ್ಕೇಟು ಒಂದು ತುದಿಯಲ್ಲಿ ಹೆಚ್ಚು ತಿರುಗಿದಂತೆ ಭಾಸವಾಗುತ್ತದೆ. ಇದಕ್ಕೆ ಪರಿಹಾರವೆಂದರೆ ತೋಳನ್ನು ಉದ್ದ ಇಡುವುದು, ಮತ್ತು ಸವಾರ ನಿಂತು 2.5 ಮಿ.ಮೀ. ಕುಸಿದ ಸ್ಥಿತಿಯಲ್ಲಿ ಎರಡೂ ತೋಳುಗಳು ಪ್ಲೇಟಿಗೆ ಸಮಾನಾಂತರವಾಗಿ ಬರುವಂತೆ ಕಿವಿಗಳ ಎತ್ತರವನ್ನು ಗುರುತಿಸುವುದು. ಬರಿಗೈಯಲ್ಲಿ ಎತ್ತಿ ಹಿಡಿದ ಸ್ಕೇಟಿನಲ್ಲಿ ತೋಳು ಸ್ವಲ್ಪ ಜೋತಂತೆ ಕಂಡರೆ ಅದೇ ಸರಿ.

ಹಂತ 3: ಸ್ಪ್ರಿಂಗ್ ಬೇಕೇ, ಪಾಲಿಯುರೆಥೇನ್ ಬೇಕೇ

ಪಾಲಿಯುರೆಥೇನ್ ಗುಂಡನ್ನು, ಅಂದರೆ ಸರಳಿನಿಂದ ಕತ್ತರಿಸಿದ ತುಂಡನ್ನು, ತೋಳಿಗೂ ಪ್ಲೇಟಿಗೂ ನಡುವೆ, ಪಿನ್ನಿನಿಂದ 42 ಮಿ.ಮೀ. ದೂರದಲ್ಲಿ ಇಡುತ್ತೇವೆ. 42ನ್ನು 60ರಿಂದ ಭಾಗಿಸಿದರೆ 0.7, ಇದು ತೋಳಿನ ಅನುಪಾತ. ಚಕ್ರ 8 ಮಿ.ಮೀ. ಏರಿದಾಗ ಗುಂಡು ಒತ್ತುವುದು 5.6 ಮಿ.ಮೀ. ಮಾತ್ರ, ಅದರ ಮೇಲೆ ಬೀಳುವ ಭಾರ ಮಾತ್ರ ಚಕ್ರದ ಭಾರಕ್ಕಿಂತ ಹೆಚ್ಚು. ಹೀಗೆ ದೂರ ಮತ್ತು ಭಾರ ಎರಡರಲ್ಲೂ ಅನುಪಾತ ಸೇರುವುದರಿಂದ ಬಿಗುವಿನ ಲೆಕ್ಕದಲ್ಲಿ ಅದರ ವರ್ಗ ಬರುತ್ತದೆ. ಚಕ್ರದ ಬಳಿ 12 ಕೆ.ಜಿ. ಬೇಕಾದರೆ ಗುಂಡಿನ ಬಿಗುವು 12ನ್ನು 0.49ರಿಂದ ಭಾಗಿಸಿದಷ್ಟು, ಅಂದರೆ ಪ್ರತಿ ಮಿ.ಮೀ.ಗೆ 24.5 ಕೆ.ಜಿ. ಇರಬೇಕು. ವರ್ಗ ಮಾಡಲು ಮರೆತು 0.7ರಿಂದಲೇ ಭಾಗಿಸುವುದು ವಿದ್ಯಾರ್ಥಿಗಳ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಹಾಗೆ ಮಾಡಿದ ಸ್ಕೇಟು ಮೆತ್ತಗಾಗಿ ಉಬ್ಬಿಗೊಮ್ಮೆ ತಳ ಬಡಿಯುತ್ತದೆ.

ಇಷ್ಟು ಬಿಗುವನ್ನು ಸುರುಳಿ ಸ್ಪ್ರಿಂಗಿನಿಂದ ಪಡೆಯಲು ಆಗುವುದಿಲ್ಲವೇ? ಲೆಕ್ಕ ಹಾಕಿ ನೋಡೋಣ. 5 ಮಿ.ಮೀ. ತಂತಿ, ಸುರುಳಿಯ ನಡು ವ್ಯಾಸ 20 ಮಿ.ಮೀ., ಕೆಲಸ ಮಾಡುವ ಸುತ್ತು 3.2 ಇದ್ದರೆ ಬಿಗುವು ಸರಿಯಾಗಿ ಬರುತ್ತದೆ. ಎರಡು ತುದಿಯ ಸುತ್ತುಗಳೂ ಸೇರಿ ಪೂರ್ತಿ ಒತ್ತಿದಾಗಲೇ ಅದರ ಎತ್ತರ 26 ಮಿ.ಮೀ., ಬಿಟ್ಟಾಗ 34 ಮಿ.ಮೀ. ಆಗುತ್ತದೆ. ಒಂದು ಮಿ.ಮೀ. ಮೊದಲೇ ಬಿಗಿದಿದ್ದರೆ ಪೂರ್ತಿ ಓಡಾಟದ ಕೊನೆಯಲ್ಲಿ ತಂತಿಯೊಳಗಿನ ತಿರುಚು ಒತ್ತಡ ಚದರ ಮಿ.ಮೀ.ಗೆ ಸುಮಾರು 92 ಕೆ.ಜಿ. ತಲುಪುತ್ತದೆ. ಭಾರತೀಯ ಮಾನಕ ಐಎಸ್ 4454ರ ಪ್ರಕಾರ ಬರುವ ಒಳ್ಳೆಯ ಸ್ಪ್ರಿಂಗ್ ತಂತಿಯ ಕರ್ಷಣ ಬಲವನ್ನು ಸುಮಾರು 160 ಎಂದು ಹಿಡಿದು, ಅದರ 45%ರೊಳಗೆ ಇರಬೇಕೆಂಬ ರೂಢಿಯ ಮಿತಿ ಹಾಕಿದರೆ 72 ದಾಟಬಾರದು. ಈ ಸ್ಪ್ರಿಂಗು ಕೆಲವೇ ದಿನಗಳಲ್ಲಿ ಕುಗ್ಗಿ ಕೂರುತ್ತದೆ. ತಂತಿ ದಪ್ಪ ಮಾಡಿದರೆ ಎತ್ತರ ಬೆಳೆಯುತ್ತದೆ. ಅದಕ್ಕಿಂತ ಮುಖ್ಯವಾದ ಕೊರತೆ, ಸುರುಳಿಗೆ ಅಲುಗಾಟವನ್ನು ತಣಿಸುವ ತನ್ನದೇ ಆದ ಗುಣ ಇಲ್ಲ: ಒತ್ತಿದ ಶಕ್ತಿಯನ್ನೆಲ್ಲ ಹಿಂದಿರುಗಿಸಿ ಪಾದವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಬೈಕಿನಲ್ಲಿ ಈ ಕೆಲಸಕ್ಕೆ ಎಣ್ಣೆಯ ಡ್ಯಾಂಪರ್ ಇದೆ, ಸ್ಕೇಟಿನಲ್ಲಿ ಅದಕ್ಕೆ ಜಾಗ ಇಲ್ಲ. ಪಾಲಿಯುರೆಥೇನ್ ಪ್ರತಿ ಒತ್ತಿನಲ್ಲೂ ಒಂದಿಷ್ಟು ಶಕ್ತಿಯನ್ನು ಶಾಖವಾಗಿ ಕಳೆಯುವುದರಿಂದ ಸ್ಪ್ರಿಂಗ್ ಮತ್ತು ಡ್ಯಾಂಪರ್ ಎರಡರ ಕೆಲಸವನ್ನೂ ಒಂದೇ ತುಂಡು ಮಾಡುತ್ತದೆ.

ಹಂತ 4: ಗುಂಡು ಕತ್ತರಿಸಿ ತೂಗುವುದು

80ಎ ಸರಳಿನಿಂದ 28 ಮಿ.ಮೀ. ವ್ಯಾಸ, 25 ಮಿ.ಮೀ. ಎತ್ತರ, ನಡುವೆ 8.5 ಮಿ.ಮೀ. ತೂತು ಇರುವ ಗುಂಡುಗಳನ್ನು ಮಾಡಿಸಿ. ನಾಲ್ಕು ಬೇಕು, ಆರು ಮಾಡಿಸಿಡಿ. ಲೇಥಿನಲ್ಲಿ ಈ ವಸ್ತು ಉಳಿಯನ್ನು ತಪ್ಪಿಸಿಕೊಂಡು ಬಾಗುತ್ತದೆ. ಸರಳನ್ನು ರಾತ್ರಿಯೆಲ್ಲ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟು, ಹೊರ ತೆಗೆದ ಕೂಡಲೇ ಹರಿತವಾದ ಉಳಿಯಿಂದ ಕೆತ್ತುವಂತೆ ಟರ್ನರ್‌ಗೆ ಹೇಳಿ.

ಸೂತ್ರದಿಂದ ಬಂದ ಬಿಗುವನ್ನು ನಂಬಬೇಡಿ, ತೂಗಿ ನೋಡಿ. ಕಾಲೇಜಿನಲ್ಲಿ ಯೂನಿವರ್ಸಲ್ ಟೆಸ್ಟಿಂಗ್ ಮಷೀನ್, ಅಂದರೆ ವಸ್ತುವನ್ನು ಒತ್ತಿ ಅಥವಾ ಎಳೆದು ಬಲ ಅಳೆಯುವ ಯಂತ್ರ, ಇದ್ದರೆ ಅದರಲ್ಲಿ ಇದು ಹತ್ತು ನಿಮಿಷದ ಕೆಲಸ. ಇಲ್ಲದವರು ತೂಕದ ಯಂತ್ರದ ಮೇಲೆ ಗಟ್ಟಿ ಹಲಗೆ, ಅದರ ಮೇಲೆ ಗುಂಡು, ಗುಂಡಿನ ಮೇಲೆ ಇನ್ನೊಂದು ಹಲಗೆ ಇಟ್ಟು, ಗೋಡೆ ಹಿಡಿದು ಒಬ್ಬರು ನಿಧಾನವಾಗಿ ಭಾರ ಹಾಕಲಿ. ಇನ್ನೊಬ್ಬರು ವರ್ನಿಯರ್‌ನಿಂದ ಗುಂಡಿನ ಎತ್ತರ ಅಳೆಯಲಿ. ಗೋಡೆಗೆ ಎಷ್ಟು ಭಾರ ಹೋದರೂ ಚಿಂತೆಯಿಲ್ಲ, ಗುಂಡಿನ ಮೇಲೆ ಬಿದ್ದದ್ದನ್ನೇ ಯಂತ್ರ ತೋರಿಸುತ್ತದೆ. 60 ಕೆ.ಜಿ.ಗೆ ಸುಮಾರು ಎರಡೂವರೆ ಮಿ.ಮೀ. ಕುಗ್ಗಿದರೆ ಸರಿ. ಬಿಗುವು ಹೆಚ್ಚಿದ್ದರೆ ವ್ಯಾಸ ಇಳಿಸಿ. 28ರಿಂದ 26 ಮಿ.ಮೀ.ಗೆ ಬಂದರೆ ಸುಮಾರು 15% ಕಡಿಮೆಯಾಗುತ್ತದೆ. ಕಡಿಮೆಯಿದ್ದರೆ 85ಎ ಅಥವಾ 90ಎ ಸರಳು ತರಬೇಕು. ನಾಲ್ಕೂ ಗುಂಡುಗಳನ್ನು ಒಂದೇ ದಿನ, ಒಂದೇ ಹೊತ್ತಿನಲ್ಲಿ ತೂಗಿ, ಹತ್ತಿರ ಹತ್ತಿರ ಬಂದವುಗಳನ್ನು ಎಡ ಬಲಕ್ಕೆ ಜೋಡಿ ಮಾಡಿ.

ಒಂದು ಎಚ್ಚರಿಕೆ: ಪಾಲಿಯುರೆಥೇನ್ ಒತ್ತಿದಾಗ ಕುಗ್ಗಿ ಮಾಯವಾಗುವುದಿಲ್ಲ, ಪಕ್ಕಕ್ಕೆ ಉಬ್ಬುತ್ತದೆ. ಕಾಲು ಭಾಗ ಒತ್ತಿದರೆ 28 ಮಿ.ಮೀ. ವ್ಯಾಸ 32 ಮಿ.ಮೀ. ಮೀರುತ್ತದೆ. ಅದು ಕೂರುವ ಬಟ್ಟಲು ವಾಷರಿನ ಒಳ ವ್ಯಾಸ 34 ಮಿ.ಮೀ.ಗೆ ಕಡಿಮೆ ಇದ್ದರೆ ಗುಂಡು ಗೋಡೆಗೆ ತಾಗಿ ಒಮ್ಮೆಲೇ ಕಲ್ಲಾಗುತ್ತದೆ, ಅಂಚಿನಲ್ಲಿ ಹರಿಯುತ್ತದೆ.

ಹಂತ 5: ಹೊಂದಿಸಿಕೊಳ್ಳುವ ವ್ಯವಸ್ಥೆ

ಹೊಂದಿಸುವುದು ಎರಡು ಬಗೆ, ಇವೆರಡನ್ನು ಒಂದೇ ಎಂದು ತಿಳಿಯುವುದರಿಂದ ಬಹಳ ಗೊಂದಲವಾಗುತ್ತದೆ. ಪ್ರೀಲೋಡ್ ಎಂದರೆ ಸವಾರ ಹತ್ತುವ ಮೊದಲೇ ಗುಂಡನ್ನು ಎಷ್ಟು ಬಿಗಿದಿಟ್ಟಿದ್ದೇವೆ ಎಂಬುದು. ಅದನ್ನು ಹೆಚ್ಚಿಸಿದರೆ ನಿಂತ ಕುಸಿತ ಕಡಿಮೆಯಾಗುತ್ತದೆ, ಸ್ಕೇಟು ಎತ್ತರ ನಿಲ್ಲುತ್ತದೆ. ಆದರೆ ಪ್ರತಿ ಮಿ.ಮೀ.ಗೆ ಬೇಕಾಗುವ ಭಾರ ಅಷ್ಟೇ ಉಳಿಯುತ್ತದೆ. ಬಿಗುವನ್ನೇ ಬದಲಿಸಬೇಕಾದರೆ ಗುಂಡನ್ನು ಬದಲಿಸಬೇಕು, ಇಲ್ಲವೇ ಅದರ ಜಾಗ ಬದಲಿಸಬೇಕು. ಬಾವಿಯ ಏತದಲ್ಲಿ ಕಲ್ಲನ್ನು ಹಿಂದೆ ಮುಂದೆ ಸರಿಸಿ ಹದ ಮಾಡುವಂತೆ, ಇಲ್ಲಿ ಗುಂಡನ್ನು ತೋಳಿನ ಉದ್ದಕ್ಕೆ ಸರಿಸುತ್ತೇವೆ.

ಪಿನ್ನಿನಿಂದ 36 ಮಿ.ಮೀ. ದೂರದಲ್ಲಿಟ್ಟರೆ ಅನುಪಾತ 0.6, ಚಕ್ರದ ಬಿಗುವು 8.8 ಕೆ.ಜಿ.; 42ರಲ್ಲಿ 12; 48ರಲ್ಲಿ ಅನುಪಾತ 0.8, ಬಿಗುವು 15.7. ಎರಡೂವರೆ ಮಿ.ಮೀ. ಕುಸಿತದ ನಿಯಮ ಇಟ್ಟುಕೊಂಡರೆ ಇವು ಕ್ರಮವಾಗಿ 44, 60 ಮತ್ತು 78 ಕೆ.ಜಿ. ಸವಾರರಿಗೆ ಹೊಂದುತ್ತವೆ. ಹನ್ನೆರಡು ಮಿ.ಮೀ. ಸರಿಸುವುದರಲ್ಲಿ ಹೈಸ್ಕೂಲಿನ ಮಗುವಿನಿಂದ ಅಪ್ಪನವರೆಗೆ ಒಂದೇ ವಿನ್ಯಾಸ ಸಾಲುತ್ತದೆ. ನನ್ನ ದೃಷ್ಟಿಯಲ್ಲಿ ಈ ಸ್ಕೇಟಿನ ನಿಜವಾದ ಲಾಭ ಇದೇ.

ಈ ಮೂರು ಜಾಗಗಳಿಗೆ ಮೂರು ತೂತು ಕೊರೆಯಲು ಹೋಗಬೇಡಿ, 6 ಮಿ.ಮೀ. ಅಂತರದಲ್ಲಿ 8 ಮಿ.ಮೀ. ತೂತುಗಳು ಒಂದನ್ನೊಂದು ಕತ್ತರಿಸುತ್ತವೆ. ಬದಲಿಗೆ ತೋಳಿನಲ್ಲಿಯೂ ಪ್ಲೇಟಿನಲ್ಲಿಯೂ ಉದ್ದನೆಯ ಸೀಳು ತೆಗೆಸಿ. ಪ್ಲೇಟಿನಲ್ಲಿ ಸೀಳಿನ ಅಗಲ 8.5 ಮಿ.ಮೀ.; ಮೇಲ್ಮುಖದಲ್ಲಿ ಅದರ ಮೇಲೆಯೇ 13.2 ಮಿ.ಮೀ. ಅಗಲ, 5.5 ಮಿ.ಮೀ. ಆಳದ ತೋಡು ಇರಲಿ. ಎಂ8 ಬೋಲ್ಟಿನ ಷಟ್ಕೋನ ತಲೆ ಆ ತೋಡಿನಲ್ಲಿ ಜಾರುತ್ತದೆ, ಆದರೆ ತಿರುಗಲಾರದು. ಬೋಲ್ಟು ಕೆಳಗಿಳಿದು, ಗುಂಡಿನೊಳಗಿಂದ ಹಾದು, ತೋಳಿನ 10 ಮಿ.ಮೀ. ಅಗಲದ ಸೀಳು ದಾಟಿ, ತಳದಲ್ಲಿ ವಾಷರ್ ಮತ್ತು ನೈಲಾಕ್ ನಟ್ ಹಿಡಿಯುತ್ತದೆ. ನಟ್ ಬಿಗಿದರೆ ಪ್ರೀಲೋಡ್ ಹೆಚ್ಚುತ್ತದೆ. ತೋಳು ಏರುವಾಗ ನಟ್ ಅಲ್ಲಿಯೇ ಉಳಿದು ತೋಳು ಅದನ್ನು ಬಿಟ್ಟು ಮೇಲೆ ಹೋಗುತ್ತದೆ. ಇಳಿದು ಬಂದಾಗ ಅದೇ ನಟ್ ತೋಳನ್ನು ತಡೆದು ನಿಲ್ಲಿಸುತ್ತದೆ. ಮೇಲಿನ ಬಟ್ಟಲು ವಾಷರಿಗೆ 3 ಮಿ.ಮೀ.ಯ ಒಂದು ಚಿಕ್ಕ ಗೂಟ ಕೂಡಿಸಿ, ಪ್ಲೇಟಿನ ತಳದಲ್ಲಿ ಸೀಳಿನ ಪಕ್ಕಕ್ಕೆ 36, 42, 48ಕ್ಕೆ ಸರಿಹೊಂದುವ ಮೂರು ಕುಳಿ ಕೊರೆದರೆ, ಓಡುವಾಗ ಗುಂಡು ಜರುಗುವುದಿಲ್ಲ.

ನಟ್ಟನ್ನು ಕಾಲು ಸುತ್ತಿನ ಲೆಕ್ಕದಲ್ಲಿಯೇ ತಿರುಗಿಸಿ. ಎಂ8 ಬೋಲ್ಟಿನ ಒಂದು ಸುತ್ತು 1.25 ಮಿ.ಮೀ.; ನಡುವಿನ ಜಾಗದಲ್ಲಿ ಅದು ಚಕ್ರದ ಬಳಿ 21 ಕೆ.ಜಿ.ಗೆ ಸಮ. 60 ಕೆ.ಜಿ. ಸವಾರನಿಗೆ ಒಂದೂವರೆ ಸುತ್ತು ಬಿಗಿದರೆ ಕುಸಿತವೇ ಉಳಿಯುವುದಿಲ್ಲ, ಸಸ್ಪೆನ್ಷನ್ ಇದ್ದೂ ಇಲ್ಲದಂತೆ.

ಹಂತ 6: ತೋಳು, ಪಿನ್, ಪ್ಲೇಟ್

ಇಲ್ಲಿ ಬಲದ ಚಿಂತೆ ಕಡಿಮೆ. 96 ಕೆ.ಜಿ. ಬಿದ್ದಾಗಲೂ 8 ಮಿ.ಮೀ. ತೋಳಿನಲ್ಲಿ ಸೀಳಿನ ಬಳಿ ಬಾಗುವ ಒತ್ತಡ ಚದರ ಮಿ.ಮೀ.ಗೆ ನಾಲ್ಕೈದು ಕೆ.ಜಿ.ಯ ಆಸುಪಾಸು ಮಾತ್ರ. 6061-ಟಿ6 ಇದರ ಹಲವು ಪಟ್ಟು ತಡೆಯುತ್ತದೆ. ಚಿಂತೆ ಇರುವುದು ಸೀಳಿನ ತುದಿಗಳಲ್ಲಿ. ಅವು ಅರ್ಧವೃತ್ತವಾಗಿರಬೇಕು, ಚೌಕ ಮೂಲೆ ಇದ್ದರೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಬುಷ್‌ಗಳನ್ನು ತೋಳಿನ ಎರಡೂ ಅಂಚಿಗೆ ಇಡಿ, ನಡುವಿನಲ್ಲಿ ಒಂದೇ ಬುಷ್ ಸಾಲದು. ಓರೆ ಒದೆತಕ್ಕೆ ತೋಳು ತಿರುಚಿಕೊಳ್ಳುವುದನ್ನು ಈ ಅಂತರವೇ ತಡೆಯುವುದು. ಎಂಟು ಮಿ.ಮೀ. ದಪ್ಪದ ಪಟ್ಟಿಯಲ್ಲಿ 10 ಮಿ.ಮೀ. ಪಿನ್ನಿಗೆ ಜಾಗ ಇಲ್ಲದ್ದರಿಂದ ತೋಳಿನ ಆ ತುದಿಯ ಕೆಳಗೆ ಬುಷ್ ಹಿಡಿಯುವ ದಪ್ಪ ತುಂಡುಗಳನ್ನು ಬೋಲ್ಟಿನಿಂದ ಕೂಡಿಸಬೇಕು. ಅಲ್ಯೂಮಿನಿಯಂಗೆ ವೆಲ್ಡಿಂಗ್ ಮಾಡಿಸಿದರೆ ಬೆಸುಗೆಯ ಪಕ್ಕದಲ್ಲಿ ಟಿ6 ಗುಣ, ಅಂದರೆ ಶಾಖ ಸಂಸ್ಕರಣೆಯಿಂದ ಬಂದ ಬಲ, ಹೋಗುತ್ತದೆ, ಅದು ಬೇಡ.

60 ಮಿ.ಮೀ. ಅಗಲ, 250 ಮಿ.ಮೀ. ಉದ್ದದ ಪ್ಲೇಟು ಒಂದೇ 400 ಗ್ರಾಂ ತೂಗುತ್ತದೆ. ತೋಡು ಇರುವ ಕಡೆ ಬಿಟ್ಟು ನಡುವಿನ ಸೊಂಟವನ್ನು ಕೊರೆದು ಹಗುರ ಮಾಡಬಹುದು. ಪಾದದ ಎತ್ತರ ಸಾಮಾನ್ಯ ಸ್ಕೇಟಿಗಿಂತ ಸುಮಾರು 30 ಮಿ.ಮೀ. ಹೆಚ್ಚಾಗುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆದ್ದರಿಂದ ಕಣಕಾಲು ಮುಚ್ಚುವ ಎತ್ತರದ ಬೂಟನ್ನೇ ಬಳಸಿ. ಈಗತಾನೆ ಕಲಿಯುತ್ತಿರುವ ಚಿಕ್ಕ ಮಕ್ಕಳಿಗೆ ಈ ಸ್ಕೇಟ್ ಕೊಡಬೇಡಿ. ಅವರಿಗೆ ಕುಲುಕಿಗಿಂತ ಎತ್ತರ ದೊಡ್ಡ ತೊಂದರೆ.

ಹಂತ 7: ಹೊಂದಿಸಿ ಓಡಿಸುವುದು

ಜೋಡಣೆ ಮುಗಿದ ಮೇಲೆ ನಟ್ಟನ್ನು ಗುಂಡು ಅಲುಗದಷ್ಟು ಮಾತ್ರ ಬಿಗಿದು, ಪ್ಲೇಟಿನ ತಳದಿಂದ ನೆಲಕ್ಕೆ ಇರುವ ಎತ್ತರವನ್ನು ಮುಂದೆ ಮತ್ತು ಹಿಂದೆ ಬರೆದುಕೊಳ್ಳಿ. ನಂತರ ಸವಾರರು ಬೂಟು ಹಾಕಿ, ಗೋಡೆಯ ಆಸರೆಯಲ್ಲಿ, ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಲಿ. ಇನ್ನೊಬ್ಬರು ಮತ್ತೆ ಅಳೆಯಲಿ. ಕುಸಿತ 3 ಮಿ.ಮೀ.ಗಿಂತ ಹೆಚ್ಚಿದ್ದರೆ ಗುಂಡನ್ನು ಹೊರಗಿನ, ಅಂದರೆ ಪಿನ್ನಿನಿಂದ ದೂರದ ಕುಳಿಗೆ, 2ಕ್ಕಿಂತ ಕಡಿಮೆಯಿದ್ದರೆ ಒಳಗಿನ ಕುಳಿಗೆ ಸರಿಸಿ. ಕುಳಿ ಸರಿಯಾಗಿ ಸಿಕ್ಕ ಮೇಲೆಯೇ ಕಾಲು ಸುತ್ತಿನ ಪ್ರೀಲೋಡಿನಿಂದ ಸೂಕ್ಷ್ಮ ಹೊಂದಿಕೆ ಮಾಡಿ. ಕಾಲು ಸುತ್ತಿಗೆ ಸುಮಾರು ಅರ್ಧ ಮಿ.ಮೀ. ಬದಲಾಗುತ್ತದೆ. ಹಿಮ್ಮಡಿಯ ಕಡೆ ಭಾರ ಹೆಚ್ಚು ಹಾಕುವವರಿಗೆ ಹಿಂದಿನ ಗುಂಡು ಒಂದು ಕುಳಿ ಹೊರಗಿರಬೇಕಾಗಬಹುದು. ಎಡ ಬಲ ಮಾತ್ರ ಎಂದಿಗೂ ಒಂದೇ ಇರಲಿ.

ಮೊದಲ ಓಟಕ್ಕೆ ಸಮತಟ್ಟಾದ, ವಾಹನಗಳಿಲ್ಲದ ಜಾಗ ಆರಿಸಿ. ಹೆಲ್ಮೆಟ್, ಮೊಣಕಾಲು ಮತ್ತು ಮಣಿಕಟ್ಟಿನ ರಕ್ಷಾಕವಚ ಕಡ್ಡಾಯ. ಓಡುವಾಗ ಲೋಹಕ್ಕೆ ಲೋಹ ತಾಗಿದ ಟಕ್ ಸದ್ದು ಬಂದರೆ ಅದು ಏರುವಾಗ ಬಂತೇ, ಇಳಿಯುವಾಗ ಬಂತೇ ಗಮನಿಸಿ. ಏರುವಾಗ ಬಂದರೆ ಬಿಗುವು ಸಾಲದು. ಇಳಿಯುವಾಗ ಬಂದರೆ ತೋಳು ನಟ್ಟಿಗೆ ಬಡಿಯುತ್ತಿದೆ. ತೋಳಿಗೂ ವಾಷರಿಗೂ ನಡುವೆ 2 ಮಿ.ಮೀ. ರಬ್ಬರ್ ಬಿಲ್ಲೆ ಹಾಕಿದರೆ ನಿಲ್ಲುತ್ತದೆ. ಒದ್ದಾಗಲೆಲ್ಲ ಪಾದ ಕುಸಿದು ಶ್ರಮ ಸೋರಿದಂತೆ ಅನಿಸುವುದು ಸಹಜ. ನುಣುಪು ನೆಲದ ಅಂಕಣದಲ್ಲಿ ಓಡಿಸುವ ದಿನ ಗುಂಡಿನ ಜಾಗಕ್ಕೆ ಅದೇ ಅಳತೆಯ ನೈಲಾನ್ ತುಂಡನ್ನು ಹಾಕಿ ಸಸ್ಪೆನ್ಷನ್ ಬಂದ್ ಮಾಡಿಕೊಳ್ಳಬಹುದು.

ಬಿಸಿಲು, ಧೂಳು ಮತ್ತು ನಿಗಾ

ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಕಾರಿನ ಡಿಕ್ಕಿಯೊಳಗೆ ಇನ್ನೂ ಹೆಚ್ಚು. ಪಾಲಿಯುರೆಥೇನ್ ಕಾದಷ್ಟೂ ಮೆತ್ತಗಾಗುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಹೊಂದಿಸಿದ ಸ್ಕೇಟು ಮೇ ತಿಂಗಳ ಸಂಜೆ ಕುಸಿದಂತೆ ಅನಿಸಿದರೆ ಗುಂಡು ಕೆಟ್ಟಿದೆ ಎಂದು ಬಿಸಾಡಬೇಡಿ, ನೆರಳಲ್ಲಿ ತಣ್ಣಗಾದ ಮೇಲೆ ಮತ್ತೆ ಕುಸಿತ ಅಳೆಯಿರಿ. ಬೇಸಿಗೆಯುದ್ದಕ್ಕೂ ಹಾಗೆಯೇ ಇದ್ದರೆ ಒಂದು ಕುಳಿ ಹೊರಗೆ ಸರಿಸಿ, ಮಳೆ ಬಿದ್ದ ಮೇಲೆ ಹಿಂದಕ್ಕೆ ತನ್ನಿ.

ಪಿನ್ನಿಗೆ ಧಾರಾಳವಾಗಿ ಗ್ರೀಸ್ ಬಳಿದರೆ ಅದಿರಿನ ಧೂಳು ಅಂಟಿ ಬುಷ್ ಬೇಗ ಸವೆಯುತ್ತದೆ; ತೆಳುವಾಗಿ ಸವರಿ, ಹೊರಗೆ ಉಕ್ಕಿದ್ದನ್ನು ಬಟ್ಟೆಯಿಂದ ಒರೆಸಿ, ಬುಷ್‌ನ ಎರಡೂ ಬದಿಗೆ ಫೆಲ್ಟ್ ಬಿಲ್ಲೆ ಹಾಕಿ. ತಿಂಗಳಿಗೊಮ್ಮೆ ತೋಳಿನ ಸೀಳಿನ ಸುತ್ತ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿ ನೋಡಿ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗುಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಗೆರೆ ಮೂಡಿದ ತೋಳನ್ನು ಅಂದೇ ಬದಲಿಸಿ. ಕೈಯಲ್ಲೇ ಸುಲಭವಾಗಿ ತಿರುಗುವಷ್ಟು ಸಡಿಲವಾದ ನೈಲಾಕ್ ನಟ್ಟನ್ನು ಮತ್ತೆ ಬಳಸಬಾರದು. ಗುಂಡಿನ ಎತ್ತರ ಬಿಚ್ಚಿಟ್ಟ ಮರುದಿನವೂ 24 ಮಿ.ಮೀ.ಗಿಂತ ಕಡಿಮೆ ಇದ್ದರೆ ಅದು ಕೂತಿದೆ ಎಂದರ್ಥ. ಆಗ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಹೊಸ ಗುಂಡುಗಳನ್ನು ಹಂತ 4ರಂತೆ ತೂಗಿ ಜೋಡಿ ಮಾಡಿಯೇ ಹಾಕಿ.